‘ಬಿಟ್ಟಿ ಚಾಕರಿ’ಯ ಬೇರು ಹಿಡಿಯುವುದು ಹೇಗೆ?

ಕರಡು ತಿದ್ದುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಕೆಂಪು ಪೆನ್ನು ಹಿಡಿದು ಒತ್ತು, ದೀರ್ಘ, ಬಿಟ್ಟುಹೋದ ಅಕ್ಷರ, ಎರಡು ಸಲ ಬಿದ್ದ ಪದ ಇವನ್ನೇ ಹುಡುಕುತ್ತಾ ಕೂತಿದ್ದೇನೆ. ಎರಡು ಸಲ ಬಿದ್ದ ಪದ ಕಂಡರೆ ಕೈ ತಾನಾಗಿ ಹೊಡೆದುಹಾಕುತ್ತದೆ. ಆ ಕೈಯಿಂದಲೇ ಒಂದು ದಿನ ಮರ್ಯಾದೆ ಹೋಯಿತು.

ಶಾಸನಗಳ ಮೇಲಿನ ಒಂದು ಲೇಖನ ಬಂದಿತ್ತು. ಅದರಲ್ಲಿ ‘ಅರಸನು ಆ ಊರ ಬಿಟ್ಟಿ ಬಿಟ್ಟನು’ ಎಂಬ ವಾಕ್ಯ. ಡಿಟಿಪಿಯವರು ‘ಬಿಟ್ಟ’ ಅಂತ ಹೊಡೆಯಲು ಹೋಗಿ ಎರಡು ಸಲ ಹೊಡೆದಿದ್ದಾರೆ ಅಂದುಕೊಂಡು ಒಂದನ್ನು ತೆಗೆದೆ. ಅಚ್ಚಾಗಿ ಬಂದದ್ದು ‘ಅರಸನು ಆ ಊರ ಬಿಟ್ಟನು’. ಮೂರನೇ ದಿನ ಲೇಖಕರ ಫೋನು. ವಯಸ್ಸಾದವರು, ಸಿಟ್ಟು ಮಾಡಲಿಲ್ಲ. “ಏನಮ್ಮಾ, ನಮ್ಮ ರಾಜನನ್ನು ಊರು ಬಿಡಿಸಿ ಓಡಿಸಿಬಿಟ್ಟೆಯಲ್ಲ!” ಅಂದರು. ಆ ಅರಸ ಎಲ್ಲಿಗೂ ಹೋಗಿರಲಿಲ್ಲ. ಊರಿನವರು ಕೂಲಿಯಿಲ್ಲದೆ ಮಾಡಬೇಕಾಗಿದ್ದ ‘ಬಿಟ್ಟಿ’ ಎಂಬ ಕಡ್ಡಾಯದ ದುಡಿಮೆಯನ್ನು ಮನ್ನಾ ಮಾಡಿದ್ದ, ಅಷ್ಟೆ. ನಾಚಿಕೆ ಮುಚ್ಚಿಕೊಳ್ಳಲು, “ಬಿಡು ಅನ್ನುವುದರಿಂದಲೇ ಬಿಟ್ಟಿ ಬಂದದ್ದಲ್ಲವಾ ಸರ್? ಕೂಲಿ ಬಿಟ್ಟು ಮಾಡುವ ಕೆಲಸ?” ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. “ನೋಡಿ ಹೇಳು” ಅಂದು ಇಟ್ಟರು.

ನೋಡಿದೆ. ಹೇಗೆ ನೋಡಿದೆ ಎಂಬುದನ್ನೇ ಇಲ್ಲಿ ಬರೆಯುತ್ತೇನೆ. ಪದದ ಹುಟ್ಟು ಹುಡುಕಲು ಪಂಡಿತರೇ ಆಗಬೇಕಿಲ್ಲ. ಆದರೆ ಮನಸ್ಸಿಗೆ ಮೊದಲು ಹೊಳೆದ ಉತ್ತರವನ್ನು ನಂಬದೆ ಇರುವಷ್ಟು ತಾಳ್ಮೆ ಬೇಕು.

ನಿಘಂಟು ತೆಗೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಆ ಪದ ಇವತ್ತು ಜನರ ಬಾಯಲ್ಲಿ ಹೇಗೆಲ್ಲ ಬರುತ್ತದೋ ಬರೆದುಕೊಳ್ಳಿ. ನನ್ನ ಹಾಳೆಯಲ್ಲಿ ಇದ್ದದ್ದು: ಬಿಟ್ಟಿ ಚಾಕರಿ, ಬಿಟ್ಟಿ ಕೆಲಸ, ಬಿಟ್ಟಿ ಊಟ, ಬಿಟ್ಟಿ ಉಪದೇಶ, ಬಿಟ್ಟಿ ಪ್ರಚಾರ, ‘ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’. ಚಾಕರಿಯದು ಬೇರೆ ಪಟ್ಟಿ: ಕತ್ತೆ ಚಾಕರಿ, ಬಾಣಂತಿ ಚಾಕರಿ, ದೇವರ ಚಾಕರಿ, ‘ನಿಮ್ಮೆಲ್ಲರ ಚಾಕರಿ ಮಾಡಿ ಸಾಕಾಯ್ತು’. ಕೊನೆಯದು ನನ್ನದೇ ಮಾತು, ವಾರಕ್ಕೊಮ್ಮೆಯಾದರೂ ಅನ್ನುತ್ತೇನೆ.

ಈ ಹಾಳೆಯಿಂದ ಎರಡು ಸಂಗತಿ ಗೊತ್ತಾಗುತ್ತವೆ. ‘ಬಿಟ್ಟಿ ಚಾಕರಿ’ ಒಂದು ಪದವಲ್ಲ, ಎರಡು. ಒಂದಿಲ್ಲದೆ ಇನ್ನೊಂದು ಓಡಾಡುತ್ತದೆ, ಹಾಗಾಗಿ ಎರಡರ ಬೇರನ್ನೂ ಬೇರೆಬೇರೆಯಾಗಿ ಹುಡುಕಬೇಕು. ಇನ್ನೊಂದು, ಚಾಕರಿ ಎಲ್ಲಿಯೂ ಕೆಲಸವನ್ನು ಬಿಟ್ಟು ಕದಲುವುದಿಲ್ಲ. ಬಿಟ್ಟಿ ಮಾತ್ರ ಕೆಲಸವನ್ನು ದಾಟಿ ಊಟಕ್ಕೂ ಉಪದೇಶಕ್ಕೂ ಬಂದುಬಿಟ್ಟಿದೆ. ಅದರ ಅರ್ಥ ಜಾರಿದೆ ಎಂಬ ಸುಳಿವು ಇಲ್ಲೇ ಸಿಕ್ಕಿತು.

ಈಗ ನಿಘಂಟು. ಕಿಟೆಲ್ ಅವರದ್ದು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು, ಈ ಕೆಲಸಕ್ಕೆ ಇವತ್ತಿಗೂ ಮೊದಲು ತೆರೆಯಬೇಕಾದ ಪುಸ್ತಕ. ಪದದ ಅರ್ಥ ನೋಡಿ ಮುಚ್ಚಿಡಬೇಡಿ. ಪಕ್ಕದಲ್ಲಿ ಪುಟ್ಟ ಅಕ್ಷರದ ಸಂಕೇತಗಳಿರುತ್ತವೆ. ತದ್ಭವಕ್ಕೆ ಒಂದು, ಹಿಂದೂಸ್ತಾನಿಯಿಂದ ಬಂದದ್ದಕ್ಕೆ ಒಂದು, ಮರಾಠಿಗೆ ಒಂದು. ಅವುಗಳ ವಿವರಣೆ ಪುಸ್ತಕದ ಮೊದಲ ಪುಟಗಳಲ್ಲಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಶಾಸನದಿಂದ, ಹಳೆಯ ಕಾವ್ಯಗಳಿಂದ ತೆಗೆದ ಪ್ರಯೋಗಗಳೂ ಇರುತ್ತವೆ. ಫೋನಿನಲ್ಲೇ ನೋಡುವವರಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ಇದೆ, ‘ಅಲರ್’ ಇದೆ. ದ್ರಾವಿಡ ಭಾಷೆಗಳ ಪದಗಳನ್ನು ಒಟ್ಟಿಗಿಟ್ಟು ನೋಡಲು ಬರ್ರೋ ಮತ್ತು ಎಮೆನೋ ಅವರ ನಿಘಂಟು, ಸಂಸ್ಕೃತ-ಪ್ರಾಕೃತ ಕಡೆಯವಕ್ಕೆ ಟರ್ನರ್ ಅವರದ್ದು. ಇವೆರಡನ್ನೂ ಷಿಕಾಗೋ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಬಿಟ್ಟಿಯಾಗಿ ನೋಡಬಹುದು. (ನೋಡಿ, ಬರೆಯುವಾಗ ನನಗೂ ಬಂದೇಬಿಟ್ಟಿತು.)

ನಿಘಂಟಿನ ಉತ್ತರ: ಬಿಟ್ಟಿ ತದ್ಭವ, ಮೂಲ ಸಂಸ್ಕೃತದ ‘ವಿಷ್ಟಿ’. ಬಿಡುವಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗಂತ ನಿಘಂಟು ಹೇಳಿತು ಅಂತ ಒಪ್ಪಿಕೊಂಡು ಎದ್ದರೆ ಕಲಿತದ್ದು ಕಡಿಮೆ. ಉಚ್ಚಾರದ ಲೆಕ್ಕ ಹಾಕಿ ನೋಡಬೇಕು. ಪದಗಳು ಮನಸ್ಸಿಗೆ ಬಂದಂತೆ ರೂಪ ಬದಲಿಸುವುದಿಲ್ಲ. ಒಂದು ಪದದಲ್ಲಿ ಒಂದು ಅಕ್ಷರ ಹೀಗೆ ಮಾರ್ಪಟ್ಟಿದೆ ಅಂತ ಹೇಳಿದರೆ, ಅದೇ ದಾರಿಯಲ್ಲಿ ನಡೆದ ಇನ್ನು ಮೂರು ಪದಗಳನ್ನಾದರೂ ತೋರಿಸಬೇಕು. ಇದು ನಾನೇ ಹಾಕಿಕೊಂಡ ಕಟ್ಟಳೆ. ಎರಡು ಸಿಕ್ಕರೆ ನಾನು ಅನುಮಾನದಲ್ಲೇ ಇರುತ್ತೇನೆ.

ಮೊದಲಕ್ಷರ ‘ವ’ ಇದ್ದದ್ದು ಕನ್ನಡದಲ್ಲಿ ‘ಬ’ ಆಗುವುದು: ವರ್ಣ ಬಣ್ಣವಾಯಿತು, ವನ ಬನವಾಯಿತು, ವಿಷ ಬಿಸವಾಯಿತು, ವಿದ್ಯೆ ಬಿಜ್ಜೆಯಾಯಿತು, ವೀಥಿ ಬೀದಿಯಾಯಿತು. ಎರವಲು ಬಂದವಷ್ಟೇ ಅಲ್ಲ, ಮನೆಯ ಪದಗಳಲ್ಲೂ ಹಾಗೆಯೇ. ತಮಿಳಿನ ವಾಯ್ ನಮ್ಮಲ್ಲಿ ಬಾಯಿ, ವಿಲ್ ನಮ್ಮಲ್ಲಿ ಬಿಲ್ಲು, ವೇರ್ ನಮ್ಮಲ್ಲಿ ಬೇರು. ಐದಲ್ಲ, ಐವತ್ತು ಸಿಗುತ್ತವೆ. ಇನ್ನು ‘ಷ್ಟ’ ಅಥವಾ ‘ಷ್ಠ’ ಇದ್ದದ್ದು ‘ಟ್ಟ’ ಆಗುವುದು: ದೃಷ್ಟಿ ದಿಟ್ಟಿ, ಶ್ರೇಷ್ಠಿ ಸೆಟ್ಟಿ, ಗೋಷ್ಠಿ ಗೊಟ್ಟಿ, ಇಷ್ಟಿಕಾ ಇಟ್ಟಿಗೆ. ಈಗ ವಿಷ್ಟಿಯನ್ನು ಈ ಎರಡೂ ಬಾಗಿಲಿನಿಂದ ದಾಟಿಸಿ. ವಿ ಹೋಗಿ ಬಿ, ಷ್ಟಿ ಹೋಗಿ ಟ್ಟಿ. ಬಿಟ್ಟಿ. ಹದಿಮೂರನೆಯ ಶತಮಾನದಲ್ಲೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥ ಮಾರ್ಪಾಡುಗಳಿಗೆಂದು ಅಪಭ್ರಂಶ ಪ್ರಕರಣವನ್ನೇ ಬರೆದಿಟ್ಟಿದ್ದಾನೆ. ಓದಲು ಕಷ್ಟ, ಆದರೆ ಅವನು ಕೊಡುವ ಉದಾಹರಣೆಗಳ ಸಾಲುಗಳನ್ನಾದರೂ ನೋಡಿ. ಯಾವ ಅಕ್ಷರ ಯಾವುದಾಗುತ್ತದೆ ಎಂಬುದು ಕಣ್ಣಿಗೆ ರೂಢಿಯಾಗುತ್ತದೆ.

ಮುಂದೆ ನೆರೆಮನೆಗಳನ್ನು ತಟ್ಟಿ. ನನ್ನ ‘ಬಿಡು’ ವಾದ ಬಿದ್ದುಹೋದದ್ದು ಅಲ್ಲೇ. ತೆಲುಗಿನಲ್ಲಿ ಈ ಮಾತು ‘ವೆಟ್ಟಿ’, ನಮ್ಮ ಬಿಟ್ಟಿ ಚಾಕರಿಗೆ ಅವರ ‘ವೆಟ್ಟಿ ಚಾಕಿರಿ’. ತಮಿಳಿನಲ್ಲೂ ‘ವೆಟ್ಟಿ’. ನಮ್ಮ ಬಿಡು ತಮಿಳಿನಲ್ಲಿ ವಿಡು, ‘ಬಿಟ್ಟು’ ಅಲ್ಲಿ ‘ವಿಟ್ಟು’. ಬಿಡುವಿನಿಂದಲೇ ಈ ಪದ ಹುಟ್ಟಿದ್ದರೆ ತಮಿಳರು ‘ವಿಟ್ಟಿ’ ಅನ್ನಬೇಕಿತ್ತು. ಅವರು ‘ವೆ’ ಅನ್ನುತ್ತಾರೆ. ಮರಾಠಿಗೆ ಬನ್ನಿ. ಅಲ್ಲಿ ‘ವೇಠ್’ ಇದೆ, ಅದೇ ಅರ್ಥ. ಮರಾಠಿಗೆ ನಮ್ಮ ‘ಬಿಡು’ ಎಲ್ಲಿಂದ ಬರಬೇಕು? ಪ್ರಾಕೃತದಲ್ಲಿ ಒತ್ತಕ್ಷರದ ಹಿಂದಿನ ಇಕಾರ ಎಕಾರವಾಗುವುದುಂಟು, ವಿಷ್ಣು ‘ವೆಣ್ಹು’ ಆದ ಹಾಗೆ. ಆ ಕಡೆಯ ರೂಪ ಅವರಿಗೆ ಹೋಯಿತು, ಇಕಾರದ ರೂಪ ನಮ್ಮಲ್ಲಿ ಉಳಿಯಿತು. ಅರ್ಧ ಸ್ವರ ಆಚೀಚೆ ಆದದ್ದರಿಂದ ನನ್ನ ಇಡೀ ಊಹೆ ನೆಲ ಕಚ್ಚಿತು.

ನೆರೆಮನೆಗೆ ಹೋದಾಗ ಅರ್ಥವನ್ನೂ ಕೇಳಿಕೊಂಡು ಬನ್ನಿ. ತೆಲುಗಿನ ವೆಟ್ಟಿಗೆ ಇವತ್ತಿಗೂ ಹಳೆಯ ಬಲವಂತದ ದುಡಿಮೆಯ ಕಹಿ ಹೋಗಿಲ್ಲ. 1946ರಿಂದ 1951ರವರೆಗೆ ನಡೆದ ತೆಲಂಗಾಣದ ಸಶಸ್ತ್ರ ಹೋರಾಟದ ಕೂಗುಗಳಲ್ಲಿ ವೆಟ್ಟಿ ನಿಲ್ಲಬೇಕೆಂಬುದೂ ಒಂದು. ತಮಿಳಿನಲ್ಲಿ ಚೋಳರ ಶಾಸನಗಳ ತೆರಿಗೆಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ ಈ ಪದ ಇವತ್ತಿನ ಚೆನ್ನೈ ಹುಡುಗರ ಬಾಯಲ್ಲಿ ‘ಕೆಲಸವಿಲ್ಲದೆ ಸುಮ್ಮನೆ ಕೂತಿರುವುದು’ ಆಗಿದೆ. ‘ವೆಟ್ಟಿಯಾಗಿ ಇದ್ದೇನೆ’ ಅಂದರೆ ಅವನು ದುಡಿದು ಸಾಯುತ್ತಿಲ್ಲ, ಮೊಬೈಲು ನೋಡುತ್ತಾ ಕೂತಿದ್ದಾನೆ. ಕೂಲಿ ಹುಟ್ಟದ ಕೆಲಸ ಅನ್ನುವುದು ವ್ಯರ್ಥ ಕೆಲಸವಾಗಿ, ವ್ಯರ್ಥ ಕೆಲಸ ಕೆಲಸವೇ ಇಲ್ಲದ ಸ್ಥಿತಿಯಾಯಿತು. ಕನ್ನಡದ ಬಿಟ್ಟಿ ಬೇರೆಯೇ ಕಡೆಗೆ ಹೊರಳಿತು. ಅದನ್ನು ಆಮೇಲೆ ಹೇಳುತ್ತೇನೆ.

ಹಳೆಯ ಬಳಕೆ ನೋಡದೆ ಅರ್ಥದ ಬಗ್ಗೆ ಮಾತಾಡಬಾರದು. ವಿಷ್ಟಿ ಎಷ್ಟು ಹಳೆಯದು? ಗುಜರಾತಿನ ಗಿರ್ನಾರ್ ಬೆಟ್ಟದ ಬುಡದಲ್ಲಿ, ಜುನಾಗಢದ ಬಳಿ ಒಂದು ಬಂಡೆ ಇದೆ. ಅದರ ಮೇಲೆ ಕ್ರಿ.ಶ. 150ರ ಸುಮಾರಿನ ಮಹಾಕ್ಷತ್ರಪ ರುದ್ರದಾಮನ ಶಾಸನ. ಮಳೆಗೆ ಒಡೆದುಹೋದ ಸುದರ್ಶನ ಎಂಬ ಕೆರೆಯ ಕಟ್ಟೆಯನ್ನು ಮತ್ತೆ ಕಟ್ಟಿಸಿದ್ದನ್ನು ಹೇಳುತ್ತಾ ಅದು, ಊರಿನ ಮತ್ತು ನಾಡಿನ ಜನರನ್ನು ‘ಕರ-ವಿಷ್ಟಿ-ಪ್ರಣಯ’ಗಳಿಂದ ಪೀಡಿಸದೆ, ತನ್ನ ಬೊಕ್ಕಸದ ಹಣದಿಂದಲೇ ಕಟ್ಟಿಸಿದ ಎನ್ನುತ್ತದೆ. ಈ ಮೂರು ಪದಗಳ ಮುಂದೆ ಸ್ವಲ್ಪ ಕೂತುಕೊಳ್ಳಿ. ಕರ ಅಂದರೆ ತೆರಿಗೆ. ವಿಷ್ಟಿ ಅಂದರೆ ಮೈ ಮುರಿದು ಸಲ್ಲಿಸುವ ತೆರಿಗೆ. ಪ್ರಣಯ ಅಂದರೆ ಪ್ರೇಮವಲ್ಲ! ಕಷ್ಟಕಾಲದಲ್ಲಿ ಅರಸ ‘ಪ್ರೀತಿಯಿಂದ ಕೊಡಿ’ ಅಂತ ಕೇಳಿ ವಸೂಲು ಮಾಡುವ ಹೆಚ್ಚಿನ ಹಣ. ಪೀಡಿಸಲಿಲ್ಲ ಅಂತ ಕಲ್ಲಿನಲ್ಲಿ ಕೆತ್ತಿಸಿಕೊಳ್ಳಬೇಕಾದರೆ, ಮಿಕ್ಕ ಕೆರೆಗಳೆಲ್ಲ ಹೇಗೆ ಎದ್ದವು ಅಂತ ಯೋಚಿಸಬಹುದು.

ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲೂ ವಿಷ್ಟಿ ಇದೆ. ಆ ಗ್ರಂಥದ ಓಲೆಪ್ರತಿ ಹೊರಬಂದದ್ದು ನಮ್ಮ ಮೈಸೂರಿನಲ್ಲೇ. ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚು ಹಾಕಿಸಿದರು. ಅಲ್ಲಿ ಸೈನ್ಯದ ಜೊತೆ ಹೋಗುವ ವಿಷ್ಟಿಯವರ ಕೆಲಸಗಳ ಸಾಲೇ ಇದೆ: ಬಿಡಾರ, ದಾರಿ, ಸೇತುವೆ, ಬಾವಿ, ನೀರಿಗಿಳಿಯುವ ಜಾಗ ಇವನ್ನು ಚೊಕ್ಕ ಮಾಡುವುದು. ಯಂತ್ರ, ಆಯುಧ, ಕವಚ, ಮೇವು ಹೊರುವುದು. ಯುದ್ಧ ನಡೆದ ಜಾಗದಿಂದ ಆಯುಧಗಳನ್ನೂ ಗಾಯಗೊಂಡವರನ್ನೂ ಎತ್ತಿ ತರುವುದು. ಗೆದ್ದವನ ಹೆಸರು ಹಾಡಿಗೆ ಹೋಗುತ್ತದೆ. ಹೊತ್ತವನ ಹೆಸರಿಗೆ ‘ವಿಷ್ಟಿ’ ಎಂಬ ಒಂದೇ ಲೆಕ್ಕ. ನಮ್ಮ ಕನ್ನಡ ಶಾಸನಗಳಲ್ಲಿ ಊರುಗಳಿಗೆ ಮನ್ನಾ ಮಾಡಿದ ತೆರಿಗೆಗಳ ಸಾಲಿನಲ್ಲಿ ಕಾಣಿಕೆ ಮುಂತಾದವುಗಳ ಜೊತೆ ಬಿಟ್ಟಿಯೂ ಬರುತ್ತದೆ. ನಾನು ಹೊಡೆದುಹಾಕಿದ್ದು ಅಂಥದ್ದೊಂದನ್ನು.

ಇಷ್ಟಾದ ಮೇಲೆ ಅರ್ಥ ಜಾರಿದ ದಾರಿ ತಾನಾಗಿ ಕಾಣುತ್ತದೆ. ಮೊದಲು ಬಿಟ್ಟಿ ಎಂಬುದೇ ಕೆಲಸದ ಹೆಸರು. ಆಮೇಲೆ ಅದರ ಪಕ್ಕಕ್ಕೆ ಕೆಲಸ, ಚಾಕರಿ ಎಂಬ ಪದಗಳು ಬಂದು ಕೂತವು. ಬಿಟ್ಟಿ ಕೆಲಸ ಅಂದಾಗ ಕೇಳಿದವರಿಗೆ ಬಿಟ್ಟಿ ಅನ್ನುವುದು ಗುಣವಾಚಕದಂತೆ, ‘ಕೂಲಿ ಇಲ್ಲದ’ ಎಂಬಂತೆ ಕೇಳಿಸಿತು. ಕೂಲಿ ಇಲ್ಲದ ಕೆಲಸ ಇರಬಹುದಾದರೆ ಕಾಸು ಇಲ್ಲದ ಊಟವೂ ಇರಬಹುದು. ಬಿಟ್ಟಿ ಊಟ, ಬಿಟ್ಟಿ ಸಿನಿಮಾ, ಬಿಟ್ಟಿ ಉಪದೇಶ. ಈಗ ಪತ್ರಿಕೆಯ ತಲೆಬರಹ ನೋಡಿ: ಸರಕಾರ ಜನರಿಗೆ ಕೊಡುವುದರ ಬಗ್ಗೆ ಜಗಳವಾದಾಗಲೆಲ್ಲ ‘ಬಿಟ್ಟಿ’ ಬರುತ್ತದೆ. ಕೊಡಬೇಕೋ ಬೇಡವೋ ಆ ಚರ್ಚೆ ನನ್ನದಲ್ಲ. ಆದರೆ ಕರಡು ತಿದ್ದುವವಳಿಗೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಆಳುವವರು ಜನರಿಂದ ಪುಕ್ಕಟೆ ಕಿತ್ತುಕೊಂಡದ್ದಕ್ಕೆ ಇದ್ದ ಹೆಸರು, ಆಳುವವರಿಂದ ಜನ ಪುಕ್ಕಟೆ ಪಡೆಯುವುದರ ಹೆಸರಾಗಿದೆ. ಪದ ಅದೇ, ಕೈ ಅದಲುಬದಲಾಗಿದೆ. ಬಿಟ್ಟಿ ಮಾಡಿದವರ ಮೇಲಿದ್ದ ಕರುಣೆ ಹೋಗಿ ಬಿಟ್ಟಿ ತಿನ್ನುವವರ ಮೇಲಿನ ತಾತ್ಸಾರ ಬಂದಿದೆ. ‘ಚಾಕರಿ’ ಪಕ್ಕದಲ್ಲಿದ್ದಾಗ ಮಾತ್ರ ಹಳೆಯ ಅರ್ಥ ಉಸಿರು ಹಿಡಿದುಕೊಂಡಿದೆ.

ಇನ್ನು ಕಾಲಿಗೆ ಸಿಕ್ಕುವ ಬಳ್ಳಿಗಳು. ಹೊಯ್ಸಳ ವಿಷ್ಣುವರ್ಧನನಿಗೆ ಬಿಟ್ಟಿದೇವ ಅಂತಲೂ ಹೆಸರು. ಬೇಲೂರಿನ ದೇಗುಲ ಕಟ್ಟಿಸಿದವನು ಬಿಟ್ಟಿ ಚಾಕರಿಯ ದೇವನೇ ಅಂತ ನಗಬೇಡಿ. ಅಲ್ಲಿಯ ಬಿಟ್ಟಿ ‘ವಿಷ್ಣು’ವಿನ ತದ್ಭವ. ಎರಡು ಬೇರೆ ಪದಗಳು ಉಚ್ಚಾರ ಸವೆದು ಒಂದೇ ರೂಪಕ್ಕೆ ಬಂದು ನಿಂತಿವೆ, ಎರಡು ಊರಿನ ಬಸ್ಸು ಒಂದೇ ನಿಲ್ದಾಣಕ್ಕೆ ಬಂದ ಹಾಗೆ. ಪಂಚಾಂಗದಲ್ಲೂ ‘ವಿಷ್ಟಿ’ ಎಂಬ ಕರಣ ಇದೆ, ಭದ್ರೆ ಅಂತಾರೆ, ಶುಭಕಾರ್ಯಕ್ಕೆ ಆ ಹೊತ್ತು ಬೇಡ ಅಂತ ಬಿಟ್ಟುಬಿಡುತ್ತಾರೆ. ಅದನ್ನು ಇದಕ್ಕೆ ಗಂಟುಹಾಕಿ ಕಥೆ ಕಟ್ಟಲು ಹೋಗಬೇಡಿ. ಹಾಗೆಯೇ ‘ಬೇಗಾರಿ’ಯಿಂದ, ಅಂದರೆ ಬಿಟ್ಟಿ ದುಡಿಮೆಗಿರುವ ಇನ್ನೊಂದು ಹೆಸರಿನಿಂದ, ‘ಬೇಜಾರು’ ಬಂತು ಅಂತ ಒಬ್ಬರು ನನಗೆ ಹೇಳಿದ್ದರು. ಕೇಳಲು ಚೆನ್ನ, ಬಿಟ್ಟಿ ದುಡಿದರೆ ಬೇಜಾರಾಗದೇ ಇರುತ್ತದೆಯೇ? ಆದರೆ ಎರಡೂ ಪಾರಸಿಯ ಬೇರೆಬೇರೆ ಪದಗಳು, ಬೇಗಾರ್ ಒಂದು, ಬೇಜಾರ್ ಇನ್ನೊಂದು. ಚೆಂದದ ವಿವರಣೆ ಸಿಕ್ಕಾಗ ಎರಡು ಪಟ್ಟು ಅನುಮಾನಪಡಿ. ‘ಕೂಳಿಗಾಗಿ ಮಾಡುವುದು ಕೂಲಿ’ ಎಂಬುದೂ ಇದೇ ಜಾತಿ. ಕೂಳು ಹಳಗನ್ನಡದಲ್ಲಿ ಕೂೞ್, ಈಗ ಬಳಕೆಯಲ್ಲಿಲ್ಲದ ೞಕಾರದ್ದು. ಕೂಲಿ ಮೊದಲಿನಿಂದಲೂ ಲಕಾರದ್ದೇ.

ಚಾಕರಿಗೆ ಬಂದರೆ ಮೇಲಿನ ಉಚ್ಚಾರದ ಲೆಕ್ಕವನ್ನೆಲ್ಲ ಪಕ್ಕಕ್ಕಿಡಬೇಕು. ಸಂಸ್ಕೃತದಲ್ಲಿ ಹುಡುಕಿದರೆ ಸಿಗುವುದಿಲ್ಲ, ದ್ರಾವಿಡ ನಿಘಂಟಿನಲ್ಲೂ ಇಲ್ಲ. ಹಾಗಾದಾಗ ಕಚೇರಿಯ ಕಡೆ ನೋಡಿ. 1347ರಿಂದ ಬಹಮನಿಯವರು ಕಲಬುರಗಿ, ಬೀದರಿನಿಂದ ಆಳಿದರು, ಆಮೇಲೆ ವಿಜಯಪುರದ ಆದಿಲಶಾಹಿ, ಈ ಕಡೆ ಹೈದರ್-ಟಿಪ್ಪು. ದಫ್ತರ, ಗುಮಾಸ್ತ, ಅರ್ಜಿ, ಜಮೀನು, ಕಾಗದ ಹೀಗೆ ಆಡಳಿತದ ಪದಗಳ ರಾಶಿ ಬಂದದ್ದು ಆ ದಾರಿಯಲ್ಲಿ. ಚಾಕರಿಯೂ ಅಲ್ಲಿಯದೇ. ಪಾರಸಿಯಲ್ಲಿ ‘ಚಾಕರ್’ ಅಂದರೆ ಸೇವಕ, ಕೊನೆಗೆ ಈಕಾರ ಸೇರಿಸಿದರೆ ಸೇವಕನ ಕೆಲಸ.

ಇಲ್ಲಿಗೆ ನಿಲ್ಲಿಸದೆ ಇನ್ನೊಂದು ಮೆಟ್ಟಿಲು ಹಿಂದಕ್ಕೆ ಹೋದರೆ ಸೊಗಸಿದೆ. ಮಧ್ಯ ಏಷ್ಯಾದಲ್ಲಿ, ಸಮರಕಂದದ ಕಡೆ, ಏಳು-ಎಂಟನೆಯ ಶತಮಾನದಲ್ಲಿ ಚಾಕರ್ ಎಂದರೆ ಒಡೆಯನ ಖಾಸಗಿ ಕಾವಲಿನ ಯೋಧ. ನೌಕರನ ಕಥೆಯೂ ಅಂಥದ್ದೇ. ಅದು ಪಾರಸಿಗೆ ಬಂದದ್ದು ಮಂಗೋಲರ ‘ನೋಕೊರ್’ನಿಂದ, ಅಂದರೆ ಸಂಗಡಿಗ. ಚೆಂಗೀಸ್ ಖಾನನ ಜೊತೆ ಕುದುರೆ ಏರಿದವರು ಅವನ ನೋಕೊರ್‌ಗಳು. ಇವತ್ತಿನ ಮಂಗೋಲಿಯಾದಲ್ಲಿ ಅದೇ ಪದ ಗಂಡ ಎಂಬ ಅರ್ಥದಲ್ಲಿ ಬಳಕೆಯಲ್ಲಿದೆ. ಕತ್ತಿ ಹಿಡಿದ ಇಬ್ಬರು ಕನ್ನಡಕ್ಕೆ ಬರುವ ಹೊತ್ತಿಗೆ, ಒಬ್ಬ ಸರಕಾರಿ ನೌಕರನಾಗಿ ಪಿಂಚಣಿ ತೆಗೆದುಕೊಂಡ, ಇನ್ನೊಬ್ಬ ಮನೆಯೊಳಗೆ ಮುಸುರೆ ತಿಕ್ಕಲು ಕೂತ. ‘ಮಗನಿಗೆ ನೌಕರಿ ಸಿಕ್ಕಿತು’ ಅಂತ ಸಿಹಿ ಹಂಚುತ್ತಾರೆ. ‘ಚಾಕರಿ ಸಿಕ್ಕಿತು’ ಅಂತ ಯಾರೂ ಹಂಚುವುದಿಲ್ಲ. ಹಾಗಂತ ಚಾಕರಿಗೆ ಎಲ್ಲ ಕಡೆ ಕೀಳು ಅರ್ಥವಿಲ್ಲ. ಕರಾವಳಿಯಲ್ಲಿ ದೇವಸ್ಥಾನದ ಚಾಕರಿ ಗೌರವದ ಮಾತು. ನಮ್ಮ ಅತ್ತೆಯವರು ಹಾಸಿಗೆ ಹಿಡಿದಿದ್ದ ಹದಿನಾಲ್ಕು ತಿಂಗಳು ನಾನು ಮಾಡಿದ್ದನ್ನು ನೆಂಟರೆಲ್ಲ ‘ಚಾಕರಿ’ ಅಂತಲೇ ಕರೆದರು, ಹೊಗಳಿಕೆಯಲ್ಲಿ. ಅದರ ಹಿಂದೆ ‘ಬಿಟ್ಟಿ’ ಸೇರಿಸುವ ಧೈರ್ಯ ಯಾರೂ ಮಾಡಲಿಲ್ಲ.

ಎರಡನ್ನೂ ಜೋಡಿಸಿ ನೋಡಿ. ಬಿಟ್ಟಿ ಸಂಸ್ಕೃತದಿಂದ, ಚಾಕರಿ ಪಾರಸಿಯಿಂದ. ಮರಾಠಿಯಲ್ಲೂ ಇದೇ ರೀತಿಯ ಜೋಡಿ ಇದೆ, ‘ವೇಠ್‌ಬಿಗಾರ’. ವೇಠ್ ಹಳೆಯ ವಿಷ್ಟಿ, ಬಿಗಾರ ಪಾರಸಿಯ ಬೇಗಾರ್. ರಾಜ್ಯ ಬದಲಾದಾಗಲೆಲ್ಲ ಹೊಸ ಆಡಳಿತದವರ ಭಾಷೆಯ ಒಂದು ಪದ ಹಳೆಯದರ ಪಕ್ಕಕ್ಕೆ ಸೇರಿಕೊಂಡಿದೆ, ಹೊರುವ ಹೊರೆ ಅದೇ. ನಮ್ಮ ಸಂವಿಧಾನದ 23ನೆಯ ವಿಧಿ ಇಂಥ ಬಲವಂತದ ದುಡಿಮೆಯನ್ನು ನಿಷೇಧಿಸುವಾಗ ಇಂಗ್ಲಿಷ್ ಪಠ್ಯದಲ್ಲೇ ‘ಬೇಗಾರ್’ ಎಂಬ ಪದವನ್ನು ಹಾಗೆಯೇ ಇಟ್ಟುಕೊಂಡಿದೆ.

ವಿಧಾನ ಕೈಗೆ ಹತ್ತಿದೆಯೇ ಅಂತ ನೋಡಿಕೊಳ್ಳಲು ‘ಜೀತ’ ಹಿಡಿಯಿರಿ. ಬಳಕೆಯ ಹಾಳೆ ಬರೆಯಿರಿ. ನಿಘಂಟು ‘ಜೀವಿತ’ದ ಕಡೆ ಕೈ ತೋರಿಸುತ್ತದೆ. ನಡುವಿನ ‘ವಿ’ ಸವೆದಿದೆ. ನೆರೆಮನೆ ತಟ್ಟಿ: ಮಲಯಾಳದಲ್ಲಿ ಜೀವಿತಂ ಅಂದರೆ ಬದುಕು. ತೆಲುಗಿನಲ್ಲಿ ಜೀತಂ ಅಂದರೆ ತಿಂಗಳ ಸಂಬಳ! ಹೈದರಾಬಾದಿನ ಕಂಪನಿಯಲ್ಲಿರುವ ನನ್ನ ಅಣ್ಣನ ಮಗ ಮೊದಲ ತಿಂಗಳು ಸಹೋದ್ಯೋಗಿಗಳು ‘ಜೀತ ಬಂತಾ?’ ಅಂತ ಕೇಳಿದಾಗ ಬೆಚ್ಚಿಬಿದ್ದಿದ್ದನಂತೆ. ಹಳಗನ್ನಡದಲ್ಲಿ ಜೀವಿತ ಅನ್ನುವುದಕ್ಕೆ ಸೇವೆಗಾಗಿ ಕೊಟ್ಟ ಸಂಬಳ, ಉಂಬಳಿ ಎಂಬ ಅರ್ಥವೂ ಇತ್ತು. ಬದುಕಿಗೆಂದು ಕೊಟ್ಟದ್ದು ಸಂಬಳವಾಯಿತು, ನಮ್ಮಲ್ಲಿ ಸಾಲಕ್ಕೆ ಬದುಕನ್ನೇ ಒತ್ತೆಯಿಟ್ಟ ದುಡಿಮೆಯಾಯಿತು. 1976ರ ಜೀತ ರದ್ದತಿ ಕಾಯ್ದೆಯಲ್ಲಿ ದೇಶದ ಬೇರೆಬೇರೆ ಕಡೆಯ ಇಂಥ ದುಡಿಮೆಗಳ ಹೆಸರುಗಳ ಪಟ್ಟಿಯಿದೆ. ಅದರಲ್ಲಿ ‘ಜೀತ’ ನಡುವಿನಲ್ಲಿ ಬರುತ್ತದೆ. ಕಟ್ಟಕಡೆಯ ಹೆಸರು ‘ವೆಟ್ಟಿ’.

ಅದು ಮುಗಿದರೆ ‘ಊಳಿಗ’ಕ್ಕೆ ಕೈಹಾಕಿ. ಇದನ್ನು ನಾನು ಬಿಡಿಸಿ ಕೊಡುವುದಿಲ್ಲ. ಎರಡು ಸುಳಿವು ಸಾಕು. ಸಂಸ್ಕೃತದಲ್ಲಿ ಹುಡುಕಿ ಹೊತ್ತು ಕಳೆಯಬೇಡಿ. ಮತ್ತೆ ಆ ಳಕಾರ ಹಿಂದೆ ೞಕಾರವಾಗಿತ್ತು, ಹಾಗಾಗಿ ತಮಿಳಿನವರು ದೇವರ ಸೇವೆಗೆ ಏನನ್ನುತ್ತಾರೆ ಅಂತ ಕೇಳಿನೋಡಿ.